ತುತ್ತಿನ ಹೊತ್ತಿಗೆ ಸಿಕ್ಕಿದ ಗುಮ್ಮಂದಿರು

ಕೊಡಗಿನಲ್ಲಿ ಮಕ್ಕಳನ್ನು ಹೆದರಿಸುವ ಹೆಸರುಗಳನ್ನು ಹುಡುಕಿ ಅವುಗಳ ಮೂಲ ಬಿಡಿಸ್ತೀನಿ ಅಂದಾಗ ಗೆಳೆಯರು ನಕ್ಕಿದ್ದರು. ಎಲ್ಲಾ ಕಡೆ ಗುಮ್ಮನೇ, ಇನ್ನೇನು ಸಿಗುತ್ತೆ ಅಂತ. ಮೊದಲ ವರ್ಷ ಸಿಕ್ಕಿದ್ದೂ ಅಷ್ಟೇ. ಶಾಲೆಗಳಿಗೆ ಫಾರಂ ಹಂಚಿದೆ. ಜೆರಾಕ್ಸ್, ಪೆಟ್ರೋಲ್ ಅಂತ ಆರೇಳು ಸಾವಿರ ರೂಪಾಯಿ ಕೈಬಿಟ್ಟು ಹೋಯಿತು. ವಾಪಸ್ ಬಂದದ್ದರಲ್ಲಿ ಮುಕ್ಕಾಲು ಪಾಲು ಗುಮ್ಮ, ಉಳಿದವು ಟಿವಿ ದೆವ್ವಗಳು. ಒಂದರಲ್ಲಂತೂ ಗಣಿತದ ಮೇಷ್ಟ್ರ ಹೆಸರಿತ್ತು!

ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಮನೆಯವರಿಗೆ ಹೇಳಿ ರೆಕಾರ್ಡರ್ ಇಟ್ಟು, ಮಗುವಿಗೆ ಉಣಿಸುವ ಹೊತ್ತಿಗೆ ಸುಮ್ನೆ ಕೂರುತ್ತಿದ್ದೆ. ಮಗು ಮುಖ ತಿರುಗಿಸಿತೋ, ನಮ್ಮ ಕೆಲಸ ಶುರು. (ಬೇಗ ಮುಖ ತಿರುಗಿಸುವಂತೆ ಮಾಡುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.)

ಸಿದ್ದಾಪುರದ ಹತ್ತಿರ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ತಮಿಳು ಅಜ್ಜಿಯೊಬ್ಬರು 'ಪೂಚ್ಚಾಂಡಿ' ಅನ್ನುತ್ತಾ, ಅನ್ನ ಮೆತ್ತಿದ ಕೈಯನ್ನೇ ಬಾಗಿಲ ಕಡೆ ಚಾಚಿದರು. ತಮಿಳಿನಲ್ಲಿ ಪೂಚ್ಚಿ ಅಂದರೆ ಹುಳ, ಅದರಿಂದ ಬಂತು ಅನ್ನುವವರಿದ್ದಾರೆ. ಪೂಚು ಅಂದರೆ ಬಳಿ, ಆಂಡಿ ಅಂದರೆ ಭಿಕ್ಷೆ ಬೇಡುವ ಸನ್ಯಾಸಿ, ವಿಭೂತಿ ಬಳಿದು ಬಾಗಿಲಿಗೆ ಬರುವವನು ಅಂತ ಬಿಡಿಸುವವರೂ ಇದ್ದಾರೆ. ಹುಳ ತೋರಿಸೋಕೆ ಯಾರೂ ಬಾಗಿಲು ತೋರಿಸಲ್ಲ ಅಲ್ವಾ? ನನ್ನ ಓಟು ಸನ್ಯಾಸಿಗೆ. ಇದು ಯಾವ ಫಾರಂನಲ್ಲೂ ಸಿಗುತ್ತಿರಲಿಲ್ಲ.

ಗುಮ್ಮನಿಗೆ ಕೈ ಬೇಕಿಲ್ಲ, ದನಿ ಸಾಕು. ನಾಪೋಕ್ಲು ಕಡೆಯ ಅರೆಭಾಷೆ (ಅಲ್ಲಿನ ಗೌಡರ ಕನ್ನಡ) ಆಡುವ ಅಜ್ಜಿ ತುಟಿ ಮುಚ್ಚಿಕೊಂಡೇ 'ಮ್‌ಮ್' ಅಂತ ಎಳೆದಾಗ ಮಗುವಿನ ಬಾಯಿ ತಾನಾಗೇ ತೆರೆಯಿತು. ಪುರಂದರದಾಸರ ಕಾಲಕ್ಕೇ, ಅಂದರೆ 16ನೇ ಶತಮಾನಕ್ಕೇ, ಗುಮ್ಮ ಇದ್ದ. ಇಷ್ಟು ಬಾಳಿಕೆ ಬಂದದ್ದು ಆ ದನಿಯಿಂದಲೇ ಅಂತ ನನ್ನ ಲೆಕ್ಕ. ಗೊಗ್ಗಯ್ಯನೂ ಅದೇ ಜಾತಿ. ಗೊಗ್ಗರು, ಅಂದರೆ ಒಡಕು ದನಿಯವನು ಅಂತ ನಾನು ಬಿಡಿಸುತ್ತೇನೆ. ಹೆದರಿಸುವವನಿಗೂ 'ಅಯ್ಯ' ಸೇರಿಸಿ ಮರ್ಯಾದೆ ಕೊಟ್ಟಿದ್ದೇವೆ ನೋಡಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಗುಮ್ಮನ ದನಿ ಗೂಬೆಯದೇ ಇರಬಹುದಾ ಅಂತ, ಗೂಬೆ ಕೂಗಿನ ರೆಕಾರ್ಡಿಂಗ್ ಕೇಳಿಸಿ ಇದ್ಯಾರು ಅಂತ ಮಕ್ಕಳನ್ನು ಕೇಳಿದೆ. ಜಾಸ್ತಿ ಮಕ್ಕಳು 'ಫೋನು' ಅಂದರು.

ಭಾಷಾ ವಿದ್ವಾಂಸರಾದ ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲಗಳ ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತೇನೆ. 1984ರ ಎರಡನೇ ಆವೃತ್ತಿಯನ್ನೇ ನೋಡಿ. ಎಮೆನೊ 1930ರ ದಶಕದಲ್ಲಿ ಕೊಡಗಿಗೇ ಬಂದು ಕೊಡವ ಮಾತು ಬರೆದುಕೊಂಡವರು. ಈಗ ನನ್ನ ಪಟ್ಟಿಯಲ್ಲಿ ನಲವತ್ತರ ಹತ್ತಿರ ಹೆಸರುಗಳಿವೆ. ನಕ್ಕಿದ್ದ ಗೆಳೆಯರೇ ಪ್ರತಿ ಕೇಳುತ್ತಿದ್ದಾರೆ. ಒಂದೇ ತಕರಾರು ಉಳಿದಿದೆ: ತೋಟದ ಕಡೆ ಈಗ 'ಆನೆ ಬಂತು' ಅಂತಲೇ ಹೆದರಿಸುತ್ತಾರೆ, ಎಷ್ಟೋ ಸಲ ಅದು ನಿಜವಾಗಿಯೂ ಬಂದಿರುತ್ತೆ. ಪಟ್ಟಿಗೆ ಸೇರಿಸೋದೋ ಬೇಡವೋ?