ಕೈ ಊರದೆ ನೆಲದಿಂದ ಏಳಬೇಕಾ? ಮೊದಲು ಬಸ್ಕಿ, ಆಮೇಲೆ ಗುಳಿಗೆ

ಶ್ರಾವಣದ ಒಂದು ಸೋಮವಾರ. ದಾವಣಗೆರೆಯ ನಮ್ಮ ಚಿಕ್ಕಮ್ಮ ಪೂಜೆ ಮುಗಿಸಿ ಚಾಪೆಯಿಂದ ಏಳಲು ಹೋದರು. ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಕೈ ಗೋಡೆಗೆ. ಅರ್ಧ ಎದ್ದು ಮತ್ತೆ ಕೂತರು. ಎರಡನೇ ಸಲವೂ ಅಷ್ಟೇ. ಕೊನೆಗೆ ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಅವರಿಗೆ 61 ವರ್ಷ. ‘ವಿಟಮಿನ್ ಕಮ್ಮಿ ಆಗಿರ್ಬೇಕು ಕಣಪ್ಪ, ಒಂದು ಡಬ್ಬಿ ಗುಳಿಗೆ ತಂದುಕೊಡು’ ಅಂದರು.

ವಿಟಮಿನ್ ಕಮ್ಮಿ ಇರಬಹುದು. ಆದರೆ ಬರೀ ಗುಳಿಗೆಯಿಂದ ತೊಡೆಗೆ ಬಲ ಬರಲ್ಲ. ವಯಸ್ಸು 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಕುಂದವಾಡ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಮಾಡ್ತೀವಲ್ಲ ಅನ್ನುವವರಿದ್ದಾರೆ. ವಾಕಿಂಗ್ ಬಿಡಬೇಡಿ, ಹೃದಯಕ್ಕೆ ಅದು ಬೇಕೇ ಬೇಕು. ಆದರೆ ಸ್ನಾಯು ಉಳಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಮ್ಮ ಊರಿಗೆ ಇದು ಹೊಸ ಮಾತೇನಲ್ಲ. ಗರಡಿ ಮನೆಗಳಲ್ಲಿ ಬಸ್ಕಿ, ದಂಡ, ಗುಂಡುಕಲ್ಲು ಮಾಡಿಸುತ್ತಿದ್ದುದು ಇದಕ್ಕೇ. ಆದರೆ ಆ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದ್ದು ಕಮ್ಮಿ. ಅದಕ್ಕೇ ಅದನ್ನು ಅಡುಗೆಮನೆ ಪಕ್ಕಕ್ಕೇ ತರೋಣ.

ಮೊದಲು ಅಳತೆ

ಕೈ ಇಲ್ಲದ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಯನ್ನು ಎದೆ ಮೇಲೆ ಅಡ್ಡ ಕಟ್ಟಿಕೊಳ್ಳಿ. ಮೊಬೈಲಲ್ಲಿ 30 ಸೆಕೆಂಡ್ ಇಟ್ಟುಕೊಂಡು ಪೂರ್ತಿ ಎದ್ದು ನಿಲ್ಲಿ, ಮತ್ತೆ ಕೂರಿ. ಎಷ್ಟು ಸಲ ಆಯಿತು ಅಂತ ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರು 12ಕ್ಕಿಂತ, ಗಂಡಸರು 14ಕ್ಕಿಂತ ಕಮ್ಮಿ ಮಾಡಿದರೆ ಕಾಲಿನ ಬಲ ಕಮ್ಮಿ ಇದೆ ಅಂತ ಅರ್ಥ. ಚಿಕ್ಕಮ್ಮ ಮಾಡಿದ್ದು 8. ಆ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು.

ಹೃದಯದ ತೊಂದರೆ ಇದ್ದವರು, ಬಿಪಿ ಹತೋಟಿಗೆ ಬರದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಕುರ್ಚಿ ಬಸ್ಕಿ, ಗೋಡೆ ದಂಡ, ಎಣ್ಣೆ ಕ್ಯಾನು

ಕುರ್ಚಿ ಬಸ್ಕಿಯೇ ಮುಖ್ಯ. ಕುರ್ಚಿ ಮುಂದೆ ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು ನಿಲ್ಲಿ. ಮೊದಲು ಸೊಂಟ ಹಿಂದಕ್ಕೆ ಹೋಗಲಿ, ಆಮೇಲೆ ಮೊಣಕಾಲು ಮಡಚಲಿ. ಒಂದು, ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಕುರ್ಚಿಗೆ ಧೊಪ್ಪನೆ ಬೀಳಬೇಡಿ. ಬಲ ಬೆಳೆಯೋದು ಈ ನಿಧಾನದಲ್ಲೇ. ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಒಂದಕ್ಕೊಂದು ಒಳಗೆ ವಾಲಬಾರದು. ಏಳುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ಬಿಪಿ ಸರ್ರನೆ ಏರುತ್ತದೆ. ಬಾಯಲ್ಲಿ ಎಣಿಸಿ ಅಂದಿದ್ದು ಅದಕ್ಕೇ, ಎಣಿಸುವವರು ಉಸಿರು ಹಿಡಿಯೋಕಾಗಲ್ಲ ಅಲ್ವಾ? ಮೊಣಕಾಲು ನೋವಿದ್ದರೆ ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ದಂಡ ನೆಲದ ಮೇಲೆ ಬೇಡ, ಗೋಡೆಗೆ ಮಾಡಿ. ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಅಂಗೈ ಊರಿ, ಮೈ ನೆಟ್ಟಗೆ ಇಟ್ಟು ಮುಂದಕ್ಕೆ ಬಾಗಿ, ತಳ್ಳಿ ಹಿಂದಕ್ಕೆ ಬನ್ನಿ.

ಮೂರನೆಯದಕ್ಕೆ ಖಾಲಿಯಾದ 5 ಲೀಟರಿನ ಎಣ್ಣೆ ಕ್ಯಾನು ಸಾಕು. ಅದಕ್ಕೆ 2 ಲೀಟರ್ ನೀರು ತುಂಬಿದರೆ 2 ಕೆಜಿ ಭಾರ. ಎಡಗೈಯನ್ನು ಮೇಜಿಗೆ ಊರಿ, ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿ, ಬಲಗೈಯಲ್ಲಿ ಕ್ಯಾನನ್ನು ಪಕ್ಕೆಲುಬಿನ ಹತ್ತಿರಕ್ಕೆ ಎಳೆಯಿರಿ. ಬಾವಿಯಿಂದ ನೀರು ಸೇದಿದ ಹಾಗೆ. ಆಮೇಲೆ ಕೈ ಬದಲಿಸಿ.

ಒಂದೊಂದನ್ನೂ 8ರಿಂದ 12 ಸಲ ಮಾಡಿ. ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಸೋಮವಾರ ಮಾಡಿದರೆ ಮತ್ತೆ ಗುರುವಾರ. ನಡುವಿನ ದಿನಗಳ ವಿಶ್ರಾಂತಿ ಸೋಮಾರಿತನ ಅಲ್ಲ, ಸ್ನಾಯು ರಿಪೇರಿ ಆಗೋದೇ ಆಗ. ಮಾರನೇ ದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ. ಕೀಲಿನೊಳಗೆ ಚುಚ್ಚಿದ ಹಾಗಾದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

12 ಸಲ ಮಾಡೋದು ಸಲೀಸು ಅನ್ನಿಸಿದ ಮೇಲೆ ಭಾರ ಏರಿಸಿ. ಎಷ್ಟೋ ಜನ ಎಡವೋದು ಇಲ್ಲೇ. ವರ್ಷಗಟ್ಟಲೆ ಅದೇ 2 ಕೆಜಿ ಎತ್ತುತ್ತಿದ್ದರೆ ಇದ್ದ ಬಲ ಇದ್ದಲ್ಲೇ ಇರುತ್ತದೆ. ಚಿಕ್ಕಮ್ಮ ಕ್ಯಾನಿನ ಮೇಲೆ ಮಾರ್ಕರಿನಲ್ಲಿ ಅರ್ಧ ಅರ್ಧ ಲೀಟರಿಗೆ ಗೆರೆ ಎಳೆದುಕೊಂಡಿದ್ದಾರೆ. ಬಸ್ಕಿ ಸಲೀಸಾದ ಮೇಲೆ ಅದೇ ಕ್ಯಾನನ್ನು ಎದೆಗೆ ಅವಚಿಕೊಂಡು ಕೂತು ಏಳುತ್ತಾರೆ.

ತಟ್ಟೆಯಲ್ಲಿ ಏನಿದೆ?

ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು ಅನ್ನೋದು ನಮ್ಮ ದೇಶದ ಲೆಕ್ಕ. ಅಂದರೆ 60 ಕೆಜಿ ಇದ್ದವರಿಗೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಸಾರಿನಲ್ಲಿ ಬೇಳೆ ತಳದಲ್ಲೇ ಉಳಿದು ಬರೀ ತಿಳಿ ತಟ್ಟೆಗೆ ಬಂದರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿಯಿತು. ಮುದ್ದೆ, ರೊಟ್ಟಿ ಜೊತೆ ಗಟ್ಟಿ ಬೇಳೆ, ಕಾಳು ಪಲ್ಯ, ಮೊಸರು ಇರಲಿ. ಸಂಜೆಯ ಮಂಡಕ್ಕಿ ನಮಗೆ ಬಿಡೋಕಾಗಲ್ಲ, ಬಿಡಬೇಕಿಲ್ಲ. ಶೇಂಗಾ, ಹುರಿಗಡಲೆ ಧಾರಾಳವಾಗಿ ಹಾಕಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಇನ್ನು ಗುಳಿಗೆ

ವಿಟಮಿನ್ ಮಾತ್ರೆ ಇರೋದು ಕೊರತೆ ತುಂಬೋಕೆ. ಕೊರತೆ ಇದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಹೇಳುತ್ತದೆ. ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದ್ದು ಎರಡು: ಡಿ ಮತ್ತು ಬಿ12.

ಇಷ್ಟು ಬಿಸಿಲಿನ ಊರಲ್ಲಿ ಡಿ ಕೊರತೆಯಾ ಅಂತ ಕೇಳಬೇಡಿ. ದಿನವಿಡೀ ಅಂಗಡಿ, ಮನೆ ಒಳಗೇ ಇದ್ದರೆ ಬಿಸಿಲು ಚರ್ಮಕ್ಕೆ ತಾಗೋದೇ ಇಲ್ಲ. ಕಿಟಕಿ ಗಾಜಿನ ಹಿಂದೆ ಕೂತರೂ ಡಿ ತಯಾರಾಗಲ್ಲ. ಬಿ12 ಗಿಡಮೂಲದ ಆಹಾರದಲ್ಲಿ ಇಲ್ಲ ಅಂದರೂ ಸರಿಯೇ. ಮೊಟ್ಟೆ, ಮೀನು, ಮಾಂಸ ತಿನ್ನದ ಮನೆಗಳಿಗೆ ಹಾಲು ಮೊಸರೇ ಆಧಾರ. ಸಕ್ಕರೆ ಕಾಯಿಲೆಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯುತ್ತದೆ. ಪಾದ ಜೋಮು ಹಿಡಿಯೋದು, ಮರೆವು, ಸುಸ್ತು ಇದ್ದರೆ ಪರೀಕ್ಷೆ ಮಾಡಿಸಿ.

ಒಂದು ಎಚ್ಚರ. ವಿಟಮಿನ್ ಡಿ 60,000 ಯೂನಿಟ್ಟಿನ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆಯುತ್ತಾರೆ. ನಮ್ಮ ಚಿಕ್ಕಪ್ಪ ಅದನ್ನು ದಿನಕ್ಕೊಂದು ಅಂತ ತಿಳಿದು ನಾಲ್ಕು ದಿನ ನುಂಗಿದ್ದರು. ಪುಣ್ಯಕ್ಕೆ ಚಿಕ್ಕಮ್ಮ ನೋಡಿ ತಡೆದರು. ಡಿ ನೀರಲ್ಲಿ ಕರಗಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಬಹಳ ದಿನ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಕಿಡ್ನಿ ಕಲ್ಲು ಬರಬಹುದು. ಚೀಟಿ ಓದಿಸಿಕೊಳ್ಳಿ, ವಾರದ ಯಾವ ದಿನ ಅಂತ ಡಬ್ಬಿ ಮೇಲೆ ಬರೆದಿಡಿ.

ಚಿಕ್ಕಮ್ಮನ ರಕ್ತದಲ್ಲಿ ಡಿ ನಿಜಕ್ಕೂ ಕಮ್ಮಿ ಇತ್ತು. ಡಾಕ್ಟರ್ ಗುಳಿಗೆ ಬರೆದರು, ಭಾನುವಾರ ಅಂತ ಗೊತ್ತುಮಾಡಿಕೊಂಡಿದ್ದಾರೆ. ಸೋಮವಾರ, ಗುರುವಾರ ಕುರ್ಚಿ ಗೋಡೆಗೆ ಬರುತ್ತದೆ. ಸಂಕ್ರಾಂತಿ ವಾರ ಮತ್ತೆ 30 ಸೆಕೆಂಡ್ ಇಟ್ಟೆವು. ಕ್ಯಾಲೆಂಡರಿನಲ್ಲಿ ಈಗ 13 ಅಂತ ಇದೆ.