ತೌಕ್ತೆ ಒಡೆದ ಫೈಬರ್ ದೋಣಿಯನ್ನು ಕೂಡಿಸಿದ್ದು ಹೀಗೆ

ಎರಡು ತುಂಡಾದ ಫೈಬರ್ ದೋಣಿ ಕೂಡುವುದಿಲ್ಲ, ಕೂಡಿದರೂ ಮಳೆಗಾಲದ ಕಡಲಿಗೆ ತಡೆಯುವುದಿಲ್ಲ ಎಂಬ ಮಾತು ನಮ್ಮ ಕರಾವಳಿಯಲ್ಲಿ ಈಗಲೂ ಇದೆ. 2021ರ ಮೇ 15, 16ರ ತೌಕ್ತೆ ತೂಫಾನಿನ ನಂತರ ಉಡುಪಿ ಜಿಲ್ಲೆಯ ಮರವಂತೆಯಿಂದ ಉಪ್ಪುಂದದವರೆಗೆ ಎಲ್ಲ ಕಡೆ ಕೇಳಿದ್ದು ಇದನ್ನೇ. "ಗುಜ್ರಿಗೆ ಕೊಡ್ ಮಾರಾಯಾ, ಇದ್ ಇನ್ ಕಡ್ಲಿಗ್ ಹೋಪುದಲ್ಲ" ಎಂದವರಲ್ಲಿ ಫೈಬರ್ ಕೆಲಸದವರೇ ಹೆಚ್ಚು. ಹಾಗೆ ತುಂಡಾದ ನಮ್ಮ ದೋಣಿ ಈಗ ಕೆಲವು ಮಳೆಗಾಲ ದಾಟಿದೆ, ಕೂಡಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ಸುಮಾರು 30 ಅಡಿಯ ನಾಡದೋಣಿ, ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 9.9 ಅಶ್ವಶಕ್ತಿಯ ಇಂಜಿನ್, ಅಂದರೆ ಔಟ್‌ಬೋರ್ಡ್. ದಡಕ್ಕೆಳೆದು ತೆಂಗಿನ ಮರಕ್ಕೆ ಕಟ್ಟಿದ್ದರೂ ತೆರೆ ಮರಳನ್ನೇ ಕೊರೆದು, ದೋಣಿಯನ್ನು ತಡೆಗೋಡೆಯ ಶಿಲೆಕಲ್ಲಿಗೆ ಹೊಡೆಯಿತು. ನಡು ಅಡ್ಡಹಲಗೆಯ ಹಿಂದೆ, ತೇಲುಪೆಟ್ಟಿಗೆ (ದೋಣಿ ಮುಳುಗದಂತೆ ಫೋಮ್ ತುಂಬಿದ ಪೆಟ್ಟಿಗೆ) ಮುಗಿಯುವಲ್ಲಿಯೇ ತುಂಡಾಯಿತು. ಹೆಚ್ಚಿನ ದೋಣಿಗಳು ಒಡೆಯುವುದು ಅಲ್ಲೇ. ಪೆಟ್ಟಿಗೆಯ ಭಾಗ ಬಿಗಿ, ಅದರ ಹಿಂದಿನ ಭಾಗ ಮೆದು. ಬಗ್ಗುವ ಒತ್ತಡವೆಲ್ಲ ಆ ಒಂದು ಗೆರೆಗೆ ಬಂದು ಕೂರುತ್ತದೆ. ಎಡಗಡೆ ತಳದಲ್ಲಿ ಐದಡಿ ಉದ್ದ, ಎರಡೂವರೆ ಅಡಿ ಅಗಲದ ತುಂಡು ಪೂರ್ತಿ ಹಾರಿಹೋಗಿತ್ತು.

ಮೊದಲು ಇಂಜಿನ್. ಉಪ್ಪುನೀರಿನಲ್ಲಿ ಮುಳುಗಿದ್ದನ್ನು ಹೊರತೆಗೆದು ಬಿಸಿಲಿಗಿಟ್ಟರೆ ಅದು ಸತ್ತಂತೆ. ಗಾಳಿ ತಾಗಿದೊಡನೆ ಕ್ರ್ಯಾಂಕ್ ಬೇರಿಂಗಿಗೆ ತುಕ್ಕು ಹಿಡಿಯತೊಡಗುತ್ತದೆ. ಬಿಚ್ಚುವವರು ತಕ್ಷಣ ಸಿಗದಿದ್ದರೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಇಡೀ ಇಂಜಿನ್ ಮುಳುಗಿಸಿಡಿ. ನೋಡಿದವರು ತಲೆ ಕೆಟ್ಟಿದೆ ಎನ್ನುತ್ತಾರೆ, ಅನ್ನಲಿ. ಬಿಚ್ಚುವ ದಿನ ಪ್ಲಗ್ ತೆಗೆದು, ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿ ನೀರು ಹೊರಹಾಕಬೇಕು. ಎಲ್ಲಿಯಾದರೂ ತಡೆದರೆ ಬಲ ಹಾಕಬೇಡಿ: ಒಳಗೆ ಮರಳಿರಬಹುದು, ಇಲ್ಲವೇ ಓಡುತ್ತಿರುವಾಗಲೇ ಮುಳುಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಕಾರ್ಬೊರೇಟರ್ ಪೂರ್ತಿ ಬಿಚ್ಚಿ ತೊಳೆದು, ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ಟೂ-ಸ್ಟ್ರೋಕ್ ಎಣ್ಣೆ ಹೊಯ್ದೆವು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತ್ತು, ಸೀಲ್ ಸಮೇತ ಬದಲು. ಮೆಕ್ಯಾನಿಕ್ ಕೂಲಿ, ಸಾಮಾನು ಸೇರಿ ಹನ್ನೆರಡು ಹದಿಮೂರು ಸಾವಿರ ಆಗಿರಬೇಕು.

ಇನ್ನು ದೋಣಿ. ಒಡೆದ ಅಂಚನ್ನು ಹತ್ತಿರದಿಂದ ನೋಡಿದರೆ ಇಡೀ ಕೆಲಸ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪದರಗಳು ಒಂದರಿಂದೊಂದು ಬಿಟ್ಟು ಬೆಳ್ಳಗೆ ಅರಳಿರುತ್ತವೆ. ರೋವಿಂಗಿನ (ಗಾಜಿನ ಎಳೆಯಿಂದ ನೇಯ್ದ ಬಟ್ಟೆ) ಎಳೆಗಳ ನಡುವೆ ಮರಳಿನ ಕಣ ಸಿಕ್ಕಿರುತ್ತದೆ. ಎರಡು ದಿನ ಒಣಗಿದರೆ ಎಳೆಯ ಬುಡದಲ್ಲಿ ಉಪ್ಪಿನ ಬಿಳಿ ಪುಡಿ ಕಾಣುತ್ತದೆ. ಅಲ್ಲಿಗೇ ರೆಸಿನ್ (ಫೈಬರ್ ಪದರಗಳನ್ನು ಅಂಟಿಸಿ ಗಟ್ಟಿಯಾಗುವ ದ್ರವ) ಬಳಿದರೆ ಆ ಉಪ್ಪು ನೀರನ್ನು ಎಳೆಯುತ್ತಲೇ ಇರುತ್ತದೆ, ಒಂದು ಸೀಸನ್ನಿನಲ್ಲಿ ಪಟ್ಟಿ ಗುಳ್ಳೆಯೆದ್ದು ಕಿತ್ತುಬರುತ್ತದೆ. ನಮ್ಮ ದೋಣಿಗೂ ಮೊದಲು ಕೂಲಿಗೆ ಬಂದವರು ಹೊರಗಿನಿಂದ ಮಾತ್ರ ಮೂರು ಪದರ ಮ್ಯಾಟ್ (ಗಾಜಿನ ತುಂಡು ಎಳೆಗಳನ್ನು ಹರಡಿ ಒತ್ತಿದ ಹಾಳೆ) ಹಾಕಿ ಒಂದೇ ರಾತ್ರಿಯಲ್ಲಿ ಮುಗಿಸಿಕೊಟ್ಟರು. ಒಳಗೆ ನೀರು ತುಂಬಿಸಿ ನೋಡಿದಾಗ ಪಟ್ಟಿ ಚಾಪೆಯಂತೆ ಸುಲಿದು ಬಂತು. ಅದಕ್ಕೆ ಹೋದದ್ದು ಹತ್ತಿರ ಹತ್ತಿರ ಹನ್ನೆರಡು ಸಾವಿರ. ಫೈಬರ್ ಕೂಡುವುದಿಲ್ಲ ಎಂಬ ಮಾತು ಹುಟ್ಟಿದ್ದು ಇಂಥ ಕೆಲಸದಿಂದ.

ಅದನ್ನೆಲ್ಲ ಕಿತ್ತು ಹೊಸದಾಗಿ ಶುರು. ಕ್ರಮ ಮುಖ್ಯ: ಮೊದಲು ಎಣ್ಣೆ, ಆಮೇಲೆ ಉಪ್ಪು, ಆಮೇಲೆ ನೀರಿನ ಪಸೆ, ಕೊನೆಗೆ ಗ್ರೈಂಡರ್. ವರ್ಷಗಟ್ಟಲೆ ಬೈಗೆ, ಬಂಗುಡೆ ಮೀನು ತುಂಬಿದ ದೋಣಿಯ ಒಳಮೈಗೆ ಮೀನೆಣ್ಣೆ ಕುಳಿತಿರುತ್ತದೆ. ಅದನ್ನು ತೆಗೆಯದೆ ಗ್ರೈಂಡರ್ ಇಟ್ಟರೆ ಎಣ್ಣೆ ಒಳಗೊಳಗೇ ತಿಕ್ಕಿ ಹೋಗುತ್ತದೆ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಶ್ಶು. ಮೇಲೆ ನೀರು ಹೊಯ್ದರೆ ಹನಿಗಟ್ಟದೆ ತೆಳ್ಳಗೆ ಹರಡುವ ತನಕ. ನಂತರ ಅಂಚಿಗೆ ಸಿಹಿನೀರು, ಬೆಳಿಗ್ಗೆ ಸಂಜೆ, ಒಂದು ವಾರ. ಇಳಿದ ನೀರು ನಾಲಿಗೆಗೆ ಸಪ್ಪೆ ಆಗುವವರೆಗೆ ಬಿಡಲಿಲ್ಲ.

ಒಣಗಿಸುವುದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು. ಸೆಪ್ಟೆಂಬರ್ ತನಕ ಕಾಯಿರಿ ಎಂದರು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗಲೇ ನಮ್ಮಂಥ ಸಣ್ಣ ಇಂಜಿನ್ನಿನ ನಾಡದೋಣಿಗೆ ದುಡಿಮೆ. ಸೆಪ್ಟೆಂಬರಿಗೆ ದೋಣಿ ಎದ್ದರೆ ಆ ವರ್ಷ ಹೋದ ಹಾಗೆ. ಟಾರ್ಪಾಲಿನ ಎರಡು ಪದರದ ಚಪ್ಪರ ಕಟ್ಟಿ, ನೆಲಕ್ಕೂ ಪ್ಲಾಸ್ಟಿಕ್ ಹಾಸಿ, ಒಳಗೆ 500 ವ್ಯಾಟಿನ ಎರಡು ಹ್ಯಾಲೊಜನ್ ದೀಪ ಮತ್ತು ಒಂದು ಫ್ಯಾನ್ ಇಟ್ಟೆವು. ಕರೆಂಟು ಬಿಲ್ಲು ನೋಡಿ ಮನೆಯವರು ಮಾತು ಬಿಟ್ಟರು. ಒಣಗಿದ್ದು ಗೊತ್ತಾಗುವುದು ಹೀಗೆ: ಒಂದು ಮೊಳದಷ್ಟು ತೆಳು ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಮಂಜು ಕಟ್ಟಿದರೆ ಇನ್ನೂ ಪಸೆ ಇದೆ. ಅಸಿಟೋನ್ (ಒರೆಸಿ ತೊಳೆಯುವ ದ್ರಾವಕ) ಅಥವಾ ರೆಸಿನ್ ಡಬ್ಬ ತೆರೆಯುವ ಮುಂಚೆ ಹ್ಯಾಲೊಜನ್ ಹೊರಗಿರಬೇಕು, ಎರಡರ ಆವಿಗೂ ಬೆಂಕಿ ಹಿಡಿಯುತ್ತದೆ.

ತೇಲುಪೆಟ್ಟಿಗೆಯೊಳಗಿನ ಹಳೆಯ ಫೋಮ್ ನೀರು ಕುಡಿದು ಕಲ್ಲಾಗಿತ್ತು, ಎಪ್ಪತ್ತು ಕೆಜಿಗೆ ಕಡಿಮೆ ಇರಲಿಲ್ಲ. ಇಂಜಿನ್ ಕೂರುವ ಹಿಂಬದಿಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ನೋಡಿದೆವು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಒಳಗಿನ ಪ್ಲೈವುಡ್ ಕೊಳೆತಲ್ಲಿ ದಬ್. ಕೆಳಗಿನ ಅರ್ಧ ಪೂರ್ತಿ ದಬ್. ಒಳಪದರ ಕತ್ತರಿಸಿ ಹೊಸ ಮರೈನ್ ಪ್ಲೈ ಎರಡು ಪದರ ಕೂರಿಸಬೇಕಾಯಿತು.

ತುಂಡುಗಳನ್ನು ನೇರ ನಿಲ್ಲಿಸುವುದರಲ್ಲಿ ಅವಸರ ಬೇಡ. ಮರಳಿನ ಚೀಲಗಳ ಮೇಲೆ ಎರಡನ್ನೂ ಕೂರಿಸಿ, ಮೂತಿಯ ನಡುವಿನಿಂದ ಹಿಂಬದಿಯ ನಡುವಿಗೆ ದಾರ ಎಳೆದೆವು. ಮೂತಿಯಿಂದ ಹಿಂಬದಿಯ ಎರಡೂ ಮೂಲೆಗಳಿಗೆ ಅಳತೆ ಒಂದೇ ಬರಬೇಕು. ಎರಡೂ ಬದಿಯ ಮೇಲಂಚಿಗೆ ನೀರಿನ ಪೈಪಿನ ಲೆವೆಲ್. ಅರ್ಧ ಇಂಚು ತಿರುಚಿದ್ದರೂ ದೋಣಿ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತದೆ. ಸರಿಯಾದ ಮೇಲೆ ಹೊರಗಿನಿಂದ ಪ್ಲೈ ಪಟ್ಟಿಗಳನ್ನು 6 ಮಿಮೀ ಬೋಲ್ಟಿನಿಂದ ಬಿಗಿದು ನಿಲ್ಲಿಸಿದೆವು. ತುಂಡು ಹಾರಿಹೋದ ಜಾಗಕ್ಕೆ ಹೊರಗಿನಿಂದ ಸನ್‌ಮೈಕಾ ಹಾಳೆ, ನುಣುಪು ಬದಿ ಒಳಗೆ, ವ್ಯಾಕ್ಸ್ ಪಾಲಿಶ್ ತಿಕ್ಕಿ. ಅದೇ ಅಚ್ಚು. ತಳ ಎರಡು ಕಡೆಗೆ ಬಾಗುವಲ್ಲಿ ಹಾಳೆ ಒಡೆಯದಂತೆ ಕೂರಿಸುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕೆಲಸದ ಜಾಗಕ್ಕೆ ಬಂದರೆ ತೋರಿಸುತ್ತೇನೆ.

ಗ್ರೈಂಡರಿಗೆ 36 ನಂಬರಿನ ಡಿಸ್ಕ್. ಇಳಿಜಾರು ಒಂದಕ್ಕೆ ಹನ್ನೆರಡು: ತಳ 8 ಮಿಮೀ ದಪ್ಪ ಇದ್ದರೆ ಒಡೆದ ಗೆರೆಯಿಂದ ಸುಮಾರು 100 ಮಿಮೀ ದೂರದವರೆಗೆ ಸವರಿಕೊಂಡು ಬರಬೇಕು. ಹೆಚ್ಚಿನವರು ಎರಡು ಬೆರಳಗಲ ಸವರಿ ನಿಲ್ಲಿಸುತ್ತಾರೆ, ಸುಲಿಯುವುದು ಆಗಲೇ. ಫೈಬರ್ ಧೂಳಿನ ತುರಿಕೆಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವವರಿದ್ದಾರೆ, ಆ ಕೈ ಸವರಿದ ಜಾಗಕ್ಕೆ ತಾಗಿದರೆ ಪಟ್ಟಿ ಹಿಡಿಯುವುದಿಲ್ಲ.

ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಐಸೊ ಎಂಬ ಬಗೆಯದನ್ನು ತೆಗೆದುಕೊಳ್ಳಿ. ಸಾದಾ ಜಿಪಿ ರೆಸಿನ್ನಿಗಿಂತ ಆಗ ಕೆಜಿಗೆ ಮೂವತ್ತು ನಲವತ್ತು ರೂಪಾಯಿ ಹೆಚ್ಚಿತ್ತು, ಆದರೆ ನೀರು ತಡೆಯುತ್ತದೆ. ಮೊದಲು ಬಂದ ಡ್ರಮ್ ಹಳೆಯ ದಾಸ್ತಾನು, ಅಡಿಯಲ್ಲಿ ಮೊಸರಿನಂತೆ ಗಡ್ಡೆ. ವಾಪಸು ತೆಗೆದುಕೊಳ್ಳಲಿಲ್ಲ, ನಾಲ್ಕು ಸಾವಿರ ಮುಳುಗಿತು. ತಯಾರಿಯ ತಿಂಗಳು ನೋಡದೆ ರೆಸಿನ್ ತರಬೇಡಿ. ಆ ತಂಪಿನಲ್ಲಿ ಕೆಜಿ ರೆಸಿನ್ನಿಗೆ 10 ಮಿಲಿ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರಾವಣ), ಅದು ಪೂರ್ತಿ ಬೆರೆತ ಮೇಲೆ 12ರಿಂದ 15 ಮಿಲಿ ಹಾರ್ಡ್ನರ್ (ಗಟ್ಟಿ ಮಾಡುವ ದ್ರವ) ಸಾಕಾಗುತ್ತಿತ್ತು. ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಲಿಲ್ಲ. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನು ಮಾತ್ರ ನೇರ ಬೆರೆಸಿದರೆ ಸಿಡಿಯುತ್ತದೆ. ಒಂದೇ ಅಳತೆ ಲೋಟ ಎರಡಕ್ಕೂ ಬಳಸುವ ಹುಡುಗರನ್ನು ಕಂಡಿದ್ದೇನೆ, ಅವರ ಕಣ್ಣು ಉಳಿದದ್ದು ದೇವರ ದಯೆ.

ಒಳಗಿನಿಂದಲೇ ಶುರು. ಹಳೆಯ ಮೈಗೆ ತಾಗುವ ಮೊದಲ ಪದರ ಯಾವಾಗಲೂ 450ರ (ಚದರ ಮೀಟರಿಗೆ 450 ಗ್ರಾಂ ತೂಗುವ) ಮ್ಯಾಟ್, ರೋವಿಂಗ್ ಅಲ್ಲ. ರೋವಿಂಗಿನ ಗಂಟುಗಳ ನಡುವೆ ರೆಸಿನ್ ಸಾಲದೆ ಗಾಳಿ ಉಳಿಯುತ್ತದೆ. ಮ್ಯಾಟ್, 600ರ ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್: ಒಳಗೆ ನಾಲ್ಕೂವರೆ ಮಿಮೀ ಬಂತು. ಸಣ್ಣ ಪಟ್ಟಿ ಮೊದಲು, ದೊಡ್ಡದು ಮೇಲೆ ಎಂದು ಎಲ್ಲರೂ ಹಾಕುತ್ತಾರೆ. ನಾವು ದೊಡ್ಡದನ್ನೇ ಮೊದಲು ಹಾಕಿದೆವು. ಸವರಿದ ಇಡೀ ಜಾಗಕ್ಕೆ ಒಂದೇ ಅಖಂಡ ಪದರ ಹಿಡಿಯುತ್ತದೆ, ಕೊನೆಗೆ ನುಣುಪು ಮಾಡುವಾಗ ತುಂಡಾಗುವುದು ಮೇಲಿನ ಸಣ್ಣ ಪದರದ ಅಂಚು ಮಾತ್ರ. ಇದರ ಬಗ್ಗೆ ಜಗಳವೇ ಆಯಿತು, ನನ್ನ ಮಾತು ನಿಂತಿತು.

ಮಳೆಗಾಲದಲ್ಲಿ ಮ್ಯಾಟೇ ಗಾಳಿಯ ಪಸೆ ಕುಡಿಯುತ್ತದೆ, ರೆಸಿನ್ ಹೊಯ್ದರೂ ಹಾಲಿನಂತೆ ಬೆಳ್ಳಗೇ ಉಳಿಯುತ್ತದೆ. ಕತ್ತರಿಸಿದ ತುಂಡುಗಳನ್ನು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಬಿಸಿ ಇರುವಾಗಲೇ ತಂದು ಹಾಕಿದರೆ ಪಾರದರ್ಶಕ ಆಗುತ್ತದೆ. ಹಾರಿಹೋದ ತುಂಡಿನ ಜಾಗಕ್ಕೆ ಅವಸರದಲ್ಲಿ ಏಳೆಂಟು ಪದರ ಒಟ್ಟಿಗೆ ಹಾಕಿದ ಮೂಲೆ ಕಾದು ಕಂದಾಗಿ ಸೀಳಿತು. ಕಿತ್ತು ಮತ್ತೆ ಮಾಡಿದ್ದು. ಒಮ್ಮೆಗೆ ಮೂರು, ಹೆಚ್ಚೆಂದರೆ ನಾಲ್ಕು. ಒಳಗೆ ಗಟ್ಟಿಯಾದ ಮೇಲೆ ಸನ್‌ಮೈಕಾ ಬಿಚ್ಚಿ ಹೊರಗೂ ಅದೇ ಇಳಿಜಾರು, ಅದೇ ಪದರ, ಕೊನೆಗೆ ಹೊರಮೈಯ ನುಣುಪು ರೆಸಿನ್ ಪದರವಾದ ಜೆಲ್‌ಕೋಟ್. ಜೆಲ್‌ಕೋಟಿಗೆ ಸೇರಿಸಿದ ಪುಡಿಯ ಹೆಸರು ನಮ್ಮಲ್ಲೇ ಇರಲಿ.

ಇಷ್ಟಕ್ಕೇ ಬಿಟ್ಟರೆ ದೋಣಿ ಅದೇ ಗೆರೆಯಲ್ಲಿ ಮತ್ತೆ ಒಡೆಯುತ್ತದೆ, ಬಿಗಿ ಮತ್ತು ಮೆದುವಿನ ಜಗಳ ಹಾಗೇ ಇದೆಯಲ್ಲ. ಮೂರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಮುರಿದ ಗೆರೆಯ ಎರಡೂ ಕಡೆ ಮೂರುಮೂರಡಿ ಚಾಚುವಂತೆ ತಳದಲ್ಲಿ ಎರಡು ಸಾಲು ಕವುಚಿಟ್ಟು, ಮೇಲೆ ನಾಲ್ಕು ಪದರ. ಪೈಪು ಬರೀ ಆಕಾರಕ್ಕೆ, ಬಲವೆಲ್ಲ ಮೇಲಿನ ಫೈಬರಿನದು. ತುದಿಗಳನ್ನು ಓರೆಯಾಗಿ ಕತ್ತರಿಸಿ ಸೊನ್ನೆಗೆ ಇಳಿಸಲೇಬೇಕು, ಇಲ್ಲದಿದ್ದರೆ ಅಲ್ಲೊಂದು ಹೊಸ ಬಿರುಕು.

ತೇಲುಪೆಟ್ಟಿಗೆಗೆ ಮತ್ತೆ ಫೋಮ್ ಹಾಕಲು ಮನಸ್ಸಾಗಲಿಲ್ಲ. ಮುಚ್ಚಳ ಬಿಗಿದ ಎರಡು ಲೀಟರಿನ ತಂಪುಪಾನೀಯದ ಬಾಟಲಿಗಳನ್ನು ಒತ್ತೊತ್ತಾಗಿ ತುಂಬಿದೆವು. ಲೆಕ್ಕ ಸುಲಭ: ಲೀಟರಿಗೆ ಒಂದು ಕೆಜಿ ಎತ್ತುತ್ತದೆ. ಫೈಬರ್ ನೀರಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಮುಳುಗಿದಾಗ ಅದರ ತೂಕದ ಮೂರನೇ ಒಂದು ಪಾಲನ್ನು ಎತ್ತಿದರೆ ಸಾಕು. 600 ಕೆಜಿಯ ಮೈಗೆ 200, ಇಂಜಿನ್, ಸಾಮಾನಿಗೆ ನೂರು, 150 ಬಾಟಲಿ. ಬದಿಗೊಂದು ತೊಳೆಯುವ ತೂತು ಬಿಟ್ಟರೆ ನೀರು ನಿಲ್ಲುವುದೂ ಇಲ್ಲ. ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ನನ್ನೂ ಒಂದು ತುಂಡಿಗೆ ಹಾಕಿ ನೋಡಿದೆ: ಹಳೆಯ ಪಾಲಿಯೆಸ್ಟರಿಗೆ ಚೆನ್ನಾಗಿ ಹಿಡಿಯಿತು, ಆದರೆ ಅದರ ಮೇಲೆ ಪಾಲಿಯೆಸ್ಟರ್ ಬಳಿದರೆ ಸರಿಯಾಗಿ ಅಂಟಲಿಲ್ಲ, ಬೆಲೆಯೂ ಮೂರ್ನಾಲ್ಕು ಪಟ್ಟು. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದ ಹಳೆಯ ಮರದ ಹಲಗೆಗೆ ಫೈಬರ್ ಸುತ್ತಿ ನೋಡಿದ್ದು ಸೋತಿತು, ವಾರವಾದರೂ ರೆಸಿನ್ ಅಂಟಂಟು. ಮರದ ದೋಣಿಗೆ ಫೈಬರ್ ಹೊದಿಸುವವರು ಇದನ್ನು ಗಮನಿಸಿ.

ಪರೀಕ್ಷೆಗೆ ಒಳಗೆ ನಾಲ್ಕಿಂಚು ನೀರು ನಿಲ್ಲಿಸಿ ರಾತ್ರಿ ಬಿಟ್ಟೆವು, ಹೊರಗೆ ಒಂದು ಹನಿ ಇಲ್ಲ. ಆಮೇಲೆ ಹೊಳೆಯಲ್ಲಿ ಅರ್ಧ ಟನ್ ಮರಳು ಚೀಲ ಹೇರಿ, ಜೋಡಣೆಯ ಮೇಲೆ ಅಡ್ಡಕ್ಕೆ ಎಳೆದ ಪೆನ್ಸಿಲ್ ಗೆರೆ ಕದಲಿತೇ ಎಂದು ನೋಡಿದ್ದು. ಕದಲಲಿಲ್ಲ. ಜುಲೈ ಮುಗಿಯುವ ಮುಂಚೆ ಕಡಲಿಗಿಳಿದಾಗ ಗುಜರಿ ಎಂದವರೇ ದಡದಲ್ಲಿ ನಿಂತು ನೋಡಿದರು. ಈ ದೋಣಿ ಹೋಗಿದ್ದರೆ ಮನೆಯ ಒಂದು ಜೀವ ಹೋದಷ್ಟೇ ದುಃಖ ಆಗುತ್ತಿತ್ತು, ಅದನ್ನು ಹೇಳಲು ಸಂಕೋಚವಿಲ್ಲ.

ಖರ್ಚು: ರೆಸಿನ್ ಅರವತ್ತು ಕೆಜಿ ಹತ್ತಿರ, ಮ್ಯಾಟ್ ಮತ್ತು ರೋವಿಂಗ್ ಇಪ್ಪತ್ತೈದು, ಎರಡೂ ಸೇರಿ ಹದಿನಾರು ಸಾವಿರ. ಪ್ಲೈ, ಜೆಲ್‌ಕೋಟ್, ಅಸಿಟೋನ್, ಡಿಸ್ಕ್ ಒಂಬತ್ತು. ಕೂಲಿ ಹದಿನೆಂಟು. ಕ್ರೇನು, ಟಾರ್ಪಾಲು, ಕರೆಂಟು ಎಂಟು. ಇಂಜಿನ್ ಮತ್ತು ಮೊದಲು ಕೈಬಿಟ್ಟ ಹಣ ಸೇರಿದರೆ ಎಂಬತ್ತು ಸಾವಿರ. ಹೊಸ ದೋಣಿಗೆ ಕೇಳಿದ್ದು ಇಂಜಿನ್ ಬಿಟ್ಟು ಮೂರೂವರೆ ಲಕ್ಷ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಆಗ ದೋಣಿಯ ಭಾಗಶಃ ಹಾನಿಗೆ 4,100, ಪೂರ್ತಿ ಹಾನಿಗೆ 9,600 ರೂಪಾಯಿ. ಆ ಹಣಕ್ಕಾದರೂ ಮಹಜರು ಆಗುವ ತನಕ ನೋಂದಣಿ ಸಂಖ್ಯೆ ಇರುವ ತುಂಡನ್ನು ಕತ್ತರಿಸಬೇಡಿ, ಸಂಖ್ಯೆ ಕಾಣುವಂತೆ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ತುಂಡುಗಳು ತೆರೆಗೆ ಹೋಗುವ ಮುಂಚೆ ಅಂಗೈಯಷ್ಟು ಚೂರನ್ನೂ ಬಿಡದೆ ಹೆಕ್ಕಿ ಎಳೆದಿಟ್ಟುಕೊಳ್ಳಿ. ಆಕಾರ ಸಿಗುವುದು ಅವುಗಳಿಂದಲೇ.