ಸೋಲಾರ್ ನೀರು ಕಾಯದಿದ್ದರೆ ಹುಡುಕಾಟ ಬಚ್ಚಲಿನಿಂದಲೇ ಆರಂಭವಾಗಲಿ

ಡಿಸೆಂಬರ್ ಚಳಿಯ ಬೆಳಗಿನಲ್ಲಿ ಸೋಲಾರ್ ನಲ್ಲಿ ತಿರುಗಿಸಿದಾಗ ತಣ್ಣೀರೇ ಬಂದರೆ, ವಿಜಯಪುರದ ಮನೆಗಳಲ್ಲಿ ಮೊದಲ ಅನುಮಾನ ಮಾಳಿಗೆಯ ಮೇಲಿನ ಗಾಜಿನ ಕೊಳವೆಗಳ ಮೇಲೆಯೇ ಹೋಗುತ್ತದೆ. ಆದರೆ ಕೊಳವೆ ಬದಲಿಸಲು ಹಣ ತೆರುವ ಮೊದಲು ಬಚ್ಚಲಿನಲ್ಲೇ ಎರಡು ಪರೀಕ್ಷೆ ಮಾಡಿ ನೋಡುವುದು ಲೇಸು.

ಮೊದಲನೆಯದು ಸುಲಭ. ಮುಕ್ಕಾಲು ಇಂಚಿನ ಪೈಪು ಮಾಳಿಗೆಯಿಂದ 20 ಮೀಟರ್ ಇಳಿದು ಬಂದಿದ್ದರೆ ಅದರೊಳಗೆ ಸುಮಾರು 6 ಲೀಟರ್ ನೀರು ರಾತ್ರಿಯಿಡೀ ನಿಂತು ತಣ್ಣಗಾಗಿರುತ್ತದೆ. ಅಷ್ಟನ್ನು ಬಕೆಟ್ಟಿಗೆ ಬಿಟ್ಟ ನಂತರವೂ ಬಿಸಿನೀರು ಬಾರದಿದ್ದರೆ ಮಾತ್ರ ಮುಂದುವರಿಯಿರಿ.

ಎರಡನೆಯದನ್ನು ಪ್ಲಂಬರ್‌ಗಳೂ ಎಷ್ಟೋ ಸಲ ಮರೆಯುತ್ತಾರೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ತೆರೆದಿಡಿ. ಧಾರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ನಿಲ್ಲದೆ ತಣ್ಣೀರು ಹರಿಯುತ್ತಲೇ ಇದ್ದರೆ, ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸಿ ಕೊಡುವ ಮನೆಯ ಯಾವುದೋ ಮಿಕ್ಸರ್ ನಲ್ಲಿಯೊಳಗಿನಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಎಂದರ್ಥ. ಆ ನಲ್ಲಿಯನ್ನು ರಿಪೇರಿ ಮಾಡಿಸಿದರೆ ಸಾಕು. ಪರೀಕ್ಷೆ ಮುಗಿದೊಡನೆ ವಾಲ್ವನ್ನು ಮರೆಯದೆ ತೆರೆಯಿರಿ.

ನೀರು ಬಿಟ್ಟು ಬಿಟ್ಟು ಬರುತ್ತಿದ್ದರೆ ಅದು ಗಾಳಿ ಸಿಕ್ಕಿಕೊಂಡಿರುವ ಲಕ್ಷಣ. ಸೋಲಾರ್ ಟ್ಯಾಂಕಿನ ಮೇಲೆ ನಿಂತಿರುವ ಗಾಳಿಕೊಳವೆಯ ಬಾಯಿ ತೆರೆದಿದೆಯೇ, ಅದರ ತುದಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆಯೇ ಎಂದು ನೋಡಿ.

ಇನ್ನು ನೆರಳಿನ ವಿಷಯ. ಮೇ ಮೊದಲ ವಾರದಲ್ಲಿ ವಿಜಯಪುರದ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಷ್ಟೇ ಕಾಣುತ್ತಾನೆ. ಆದ್ದರಿಂದ ದಕ್ಷಿಣಕ್ಕಿರುವ 10 ಅಡಿ ಎತ್ತರದ ಗೋಡೆ ಆಗ ಎಂಟೂವರೆ ಅಡಿ ಉದ್ದದ ನೆರಳು ಚೆಲ್ಲುತ್ತದೆ, ಬೆಳಗ್ಗೆ ಮತ್ತು ಸಂಜೆ ಆ ನೆರಳು ಇನ್ನೂ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಕಾಯುತ್ತಿದ್ದ ಸೋಲಾರ್, ಪಕ್ಕದ ಮನೆಯವರು ಒಂದು ಅಂತಸ್ತು ಏರಿಸಿದ ಮೇಲೆ ಚಳಿಗಾಲದಲ್ಲಿ ಕೈಕೊಡುವುದು ಹೀಗೆ.

ನೆರಳಿಲ್ಲದಿದ್ದರೆ ಕೊಳವೆಗಳನ್ನೇ ನೋಡಬೇಕು. ಎರಡು ಪದರದ ಗಾಜಿನ ನಡುವಿನ ನಿರ್ವಾತವೇ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಕೊಳವೆಯ ಕೆಳತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪವಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ ಎಂದೇ ತಿಳಿಯಬೇಕು. ಅಂತಹ ಕೊಳವೆಗಳನ್ನು ಮಾತ್ರ ಬದಲಿಸಿ, ಎಲ್ಲವನ್ನೂ ಅಲ್ಲ.

ನಮ್ಮ ಭಾಗದ ಬೋರ್ ನೀರು ಬಹಳ ಕಡೆ ಗಡಸು. ಅದು ಕಾದಂತೆಲ್ಲ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ಕೊಳವೆಯ ತಳದಲ್ಲಿ, ಪೈಪಿನ ಒಳಮೈಯಲ್ಲಿ ಬಿಳಿಯ ಪದರವಾಗಿ ಕೂರುತ್ತದೆ. ತಾಮ್ರದ ಸಣ್ಣ ಪೈಪುಗಳಿರುವ ಚಪ್ಪಟೆ ಪ್ಯಾನೆಲ್‌ಗಳಲ್ಲಿ ಇದು ನೀರಿನ ಓಡಾಟವನ್ನೇ ಕಟ್ಟಿಬಿಡುತ್ತದೆ. ಆಮ್ಲ ಹಾಕಿ ತೊಳೆಯುವ ಕೆಲಸವನ್ನು ಬಲ್ಲವರಿಗೇ ಬಿಡಿ. ಗಾಜಿನ ಹೊರಗಿನ ಧೂಳನ್ನು ನೀವೇ ತೊಳೆಯಬಹುದು, ಆದರೆ ಸೂರ್ಯ ಏರುವ ಮೊದಲು. ಟ್ಯಾಂಕು ಖಾಲಿಯಾಗಿ ಬಿಸಿಲಿಗೆ ಕಾದಿರುವ ಕೊಳವೆಗಳಿಗೆ ಒಮ್ಮೆಲೇ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಸಂಜೆಯವರೆಗೆ ಕಾದು, ಅವು ಪೂರ್ತಿ ಆರಿದ ಮೇಲೆಯೇ ವಾಲ್ವ್ ತೆರೆಯಿರಿ.